ಸೆರ್ಜನ ತಾಯಿಯ ಭಾಷೆ

ಡಬ್ಲಿನ್ ಹೊರವಲಯದ ಟಾಲಾದ ಆ ಬಾಡಿಗೆ ಮನೆಯಲ್ಲಿ ರಸ್ತೆ ಕಡೆಯ ಕೋಣೆ ವಿವಿಯನ್ ಕುಟಿನ್ಹೊನದು. ಅವನು ಮೂಡುಬಿದಿರೆ ಕಡೆಯವನು. ಡಬ್ಲಿನ್ನಿನಲ್ಲಿ ಎಂ.ಎಸ್ಸಿ. ಮುಗಿಸಿ ಒಂದು ಔಷಧ ಕಂಪನಿಗೆ ಸೇರಿದ್ದ. ಕೋವಿಡ್ ಬಂದ ಮೇಲೆ ಮಂಚದ ಪಕ್ಕದ ಮೇಜೇ ಅವನ ಆಫೀಸಾಯಿತು. ಹಿಂದಿನ ಎರಡು ಕೋಣೆಗಳಲ್ಲಿ ಕ್ಯಾಮರೂನ್ ದೇಶದ ಇಬ್ಬರಿದ್ದರು. ಫಿದೆಲಿಸ್ ಅಸಾಂಗ್ ನಲವತ್ತು ದಾಟಿದವನು, ಶಾಪಿಂಗ್ ಸೆಂಟರಿನಲ್ಲಿ ಸೆಕ್ಯೂರಿಟಿ. ಅವನಿಗಿಂತ ಚಿಕ್ಕವನಾದ ಸೆರ್ಜ್ ದೊಂಫಾಕ್ ಒಂದು ಗೋದಾಮಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುತ್ತಿದ್ದ. ಒಂದೇ ದೇಶದವರು, ಒಬ್ಬರಿಗೊಬ್ಬರು ಆಸರೆಯಾಗುತ್ತಾರೆ ಎಂದುಕೊಂಡೇ ಮನೆ ಮಾಲೀಕ ಇಬ್ಬರನ್ನೂ ಸೇರಿಸಿದ್ದ.

ಸೆರ್ಜ್ ಪೆಟ್ಟಿಗೆ ಹೊತ್ತು ಬಂದ ದಿನ ಫ್ರೆಂಚಿನಲ್ಲಿ ನಮಸ್ಕಾರ ಹೇಳಿ ಕೈ ಚಾಚಿದ. ಅಸಾಂಗ್ ಕೈ ಕುಲುಕಿ ಇಂಗ್ಲಿಷಿನಲ್ಲಿ ಉತ್ತರಿಸಿದ. ಸೆರ್ಜ್ ಫ್ರೆಂಚಿನಲ್ಲೇ ಮತ್ತೇನೋ ಕೇಳಿದಾಗ ಅಸಾಂಗ್, "ಈ ಮನೇಲಿ ನಾನು ಫ್ರೆಂಚ್ ಮಾತಾಡಲ್ಲ," ಎಂದು ಹೇಳಿ ಮೆಟ್ಟಿಲು ಹತ್ತಿಹೋದ. ಸೆರ್ಜನ ಇಂಗ್ಲಿಷ್ ಕೆಲಸಕ್ಕೆ ಬೇಕಾದಷ್ಟು ಮಾತ್ರ ಇತ್ತು. ಅಂದಿನಿಂದ ಅವರ ನಡುವೆ ಹಾಲು, ಕಸದ ಡಬ್ಬಿ, ಬಾತ್‌ರೂಮು, ಇಷ್ಟರ ಮಾತೇ ನಡೆಯಿತು.

ಈ ವಿಷಯವನ್ನು ವಿವಿಯನ್ ಒಮ್ಮೆ ಫೋನಿನಲ್ಲಿ ಪ್ರಕೃತಿಗೆ ಹೇಳಿದ. ಅವಳು ಅವನ ಜೊತೆ ಓದಿದವಳು, ಮೈಸೂರಿನವಳು, ಈಗ ಡಬ್ಲಿನ್ನಿನದೇ ಗ್ರ್ಯಾಂಡ್ ಕೆನಾಲ್ ಡಾಕ್ ಕಡೆ ಕೆಲಸ.

"ಒಂದೇ ದೇಶದವರು ಮಾತಾಡಲ್ಲ ಅಂದ್ರೆ ಹೆಂಗೋ?"

"ಒಬ್ಬ ಇಂಗ್ಲಿಷ್ ಕಡೆಯವ್ನು, ಇನ್ನೊಬ್ಬ ಫ್ರೆಂಚ್ ಕಡೆಯವ್ನು. ಅಲ್ಲಿ ಎರಡೂ ಅಫೀಶಿಯಲ್ ಲ್ಯಾಂಗ್ವೇಜು. ಆ ಜಗಳ ಯುದ್ಧದ ತನಕ ಹೋಗಿದೆಯಂತೆ."

"ಮತ್ತೆ ಅವರ ಸ್ವಂತ ಭಾಷೆ?"

"ಇನ್ನೂರಕ್ಕೂ ಜಾಸ್ತಿ ಇದಾವಂತೆ. ಒಂದೂ ಅಫೀಶಿಯಲ್ ಅಲ್ಲ."

ಅವನಿಗೆ ಇದನ್ನೆಲ್ಲ ಹೇಳಿದವನು ಅಸಾಂಗನೇ. ಮೊದಲ ಮಹಾಯುದ್ಧದಲ್ಲಿ ಜರ್ಮನ್ನರು ಸೋತ ಮೇಲೆ ಅವರ ಕೈಲಿದ್ದ ಆ ನಾಡಿನ ಪಶ್ಚಿಮದ ಅಂಚನ್ನು ಇಂಗ್ಲಿಷರು ಇಟ್ಟುಕೊಂಡರು, ಉಳಿದದ್ದನ್ನು ಫ್ರೆಂಚರು. ಸ್ವಾತಂತ್ರ್ಯ ಬಂದಾಗ ಆ ಅಂಚಿನ ಒಂದು ಭಾಗ ಫ್ರೆಂಚ್ ಕಡೆಯೊಂದಿಗೆ ಕೂಡಿಕೊಂಡಿತು. ತಮ್ಮ ಕೋರ್ಟುಗಳಿಗೂ ಶಾಲೆಗಳಿಗೂ ಇಂಗ್ಲಿಷ್ ಬಾರದವರನ್ನು ಕಳಿಸುತ್ತಿದ್ದಾರೆಂದು ಆ ಅಂಚಿನ ವಕೀಲರು, ಮೇಷ್ಟ್ರುಗಳು ಬೀದಿಗಿಳಿದರು. ಆಮೇಲೆ ಬಂದೂಕುಗಳು ಬಂದವು. ಅಸಾಂಗ್ ಅಲ್ಲಿ ಶಾಲಾ ಮೇಷ್ಟ್ರಾಗಿದ್ದ. ಶಾಲೆ ಮುಚ್ಚಿತು, ಊರು ಖಾಲಿಯಾಯಿತು, ಅವನ ಮನೆ ಸುಟ್ಟುಹೋಯಿತು. ಸುಟ್ಟವರು ಯಾರೆಂಬುದಕ್ಕೆ ಊರಿನಲ್ಲಿ ಎರಡು ಕಥೆಗಳಿದ್ದವು. ಸೈನಿಕರೇ ಎಂದು ಅಸಾಂಗ್ ನಂಬಿದ್ದ.

ಎರಡು ಸಾವಿರದ ಇಪ್ಪತ್ತೊಂದರ ಜನವರಿಯಲ್ಲಿ, ಕ್ರಿಸ್‌ಮಸ್ ಮುಗಿದ ಬೆನ್ನಿಗೆ ಕಾಯಿಲೆ ಊರನ್ನೆಲ್ಲ ಹೊಕ್ಕಿದ್ದಾಗ, ಸೆರ್ಜನಿಗೆ ಜ್ವರ ಬಂತು. ಮೊದಲ ದಿನಗಳಲ್ಲಿ ಕೇಳಿದಾಗಲೆಲ್ಲ ಕೋಣೆಯ ಒಳಗಿಂದ ಐರಿಶರ ಹಾಗೆ "ಗ್ರ್ಯಾಂಡ್, ಗ್ರ್ಯಾಂಡ್", ಚೆನ್ನಾಗಿದ್ದೇನೆ, ಎನ್ನುತ್ತಿದ್ದ. ಒಂದು ಬೆಳಿಗ್ಗೆ ಉತ್ತರ ಬರಲಿಲ್ಲ. ವಿವಿಯನ್ ಬಾಗಿಲು ತೆಗೆದು ನೋಡಿದರೆ ಅವನು ಕಿಟಕಿಯ ಕಟ್ಟೆಗೆ ತಲೆ ಒರಗಿಸಿ ಕೂತು ಮೀನಿನಂತೆ ಬಾಯಿ ತೆರೆದು ಉಸಿರೆಳೆಯುತ್ತಿದ್ದ. ಆಂಬ್ಯುಲೆನ್ಸ್ ಬಂದು ಅವನನ್ನು ಆಸ್ಪತ್ರೆಗೆ ಕರೆದೊಯ್ದಿತು. ಉಳಿದ ಇಬ್ಬರೂ ಎರಡು ವಾರ ಮನೆ ಬಿಟ್ಟು ಹೊರಬರಬಾರದು ಎಂದಾಯಿತು.

ಸೆರ್ಜನ ಫೋನು ಅಡುಗೆಮನೆಯಲ್ಲಿ ಚಾರ್ಜಿಗೆ ಹಾಕಿದಂತೆಯೇ ಉಳಿದುಹೋಗಿತ್ತು. ವಿವಿಯನ್ ಆಸ್ಪತ್ರೆಗೆ ಫೋನ್ ಮಾಡಿದಾಗ, ಅವನನ್ನು ಐಸಿಯುಗೆ ಹಾಕಿ ವೆಂಟಿಲೇಟರ್ ಕೊಟ್ಟಿದ್ದೇವೆ, ಫೋನ್ ಸದ್ಯಕ್ಕೆ ನಿಮ್ಮಲ್ಲೇ ಇರಲಿ ಎಂದರು.

ಭಾನುವಾರ ಅದು ರಿಂಗಾಯಿತು. ಪರದೆಯ ಮೇಲೆ ತಲೆಗೆ ಬಟ್ಟೆ ಕಟ್ಟಿದ ಹೆಂಗಸೊಬ್ಬಳ ಫೋಟೊ, ಕೆಳಗೆ 'ಮಾಮಾಂ', ಅಮ್ಮ, ಎಂದು. ನಿಂತು ಮತ್ತೆ ರಿಂಗಾಯಿತು. ಮೂರನೆಯ ಸಲ ವಿವಿಯನ್ ಎತ್ತಿದ. ಆ ಕಡೆಯಿಂದ ಮಗನ ಹೆಸರು, ಒಂದೆರಡು ಫ್ರೆಂಚ್ ಮಾತು. ವಿವಿಯನ್ ಏನು ಹೇಳಬೇಕೆಂದು ತೋಚದೆ "ಸೆರ್ಜ್, ಹಾಸ್ಪಿಟಲ್" ಎಂದುಬಿಟ್ಟ. ಆ ಪದ ಅವಳಿಗೆ ತಿಳಿಯಿತು. ಆಮೇಲೆ ಅವಳು ಫ್ರೆಂಚ್ ಬಿಟ್ಟು ಬೇರೆ ಯಾವುದೋ ಭಾಷೆಯಲ್ಲಿ ಒಂದೇ ಸಮನೆ ಮಾತಾಡತೊಡಗಿದಳು. ವಿವಿಯನ್ ಸ್ಪೀಕರ್ ಹಾಕಿ ಮಹಡಿಯತ್ತ ಅಸಾಂಗನನ್ನು ಕೂಗಿದ.

ಅಸಾಂಗ್ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದ. ಒಳಗೆ ಬರಲಿಲ್ಲ. ಅವಳ ಮಾತು ಅಳುವಿಗೆ ತಿರುಗಿದಾಗ ಬಂದು ಮೇಜಿನ ಮೇಲಿನ ಫೋನಿಗೆ ಬಾಗಿ ಎರಡೇ ಪದ ಹೇಳಿದ. ಅಳು ನಿಂತಿತು. ಅವಳು ಏನೋ ಕೇಳಿದಳು, ಅಸಾಂಗ್ ಉತ್ತರ ಕೊಟ್ಟ. ಆಮೇಲೆ ಫೋನನ್ನು ಕೈಗೆ ತೆಗೆದುಕೊಂಡು ಹೋಗಿ ಮೆಟ್ಟಿಲ ಮೇಲೆ ಕೂತ.

ಅವನು ಮರಳಿದಾಗ ವಿವಿಯನ್ ಕೇಳಿದ, "ಯಾವ ಭಾಷೆ ಅದು?"

"ನಮ್ಮ ಮನೆ ಭಾಷೆ. ನಾವು ನ್ವೆ ಅಂತೀವಿ, ಅವರ ಕಡೆ ಯೆಂಬಾ ಅಂತಾರೆ. ಕೆಲವು ಪದ ಬೇರೆ, ರಾಗ ಬೇರೆ, ಅಷ್ಟೆ. ನಮ್ಮೂರಿಂದ ಬೆಳಿಗ್ಗೆ ಗುಡ್ಡ ಹತ್ತಿದ್ರೆ ಸಂಜೆಗೆ ಅವಳೂರು. ನಡುವೆ ಆ ಗಡಿ."

"ಹಾಗಾದ್ರೆ ಸೆರ್ಜ್ ಜೊತೆ ನೀವು ಅದರಲ್ಲೇ ಮಾತಾಡಬಹುದಿತ್ತಲ್ಲ?"

"ಅವನ ಹೆಸರು ಕೇಳಿದ ದಿನವೇ ಯಾವ ಕಡೆಯವನು ಅಂತ ಗೊತ್ತಾಯ್ತು. ಆದ್ರೆ ಅವನಿಗೆ ಆ ಭಾಷೆ ಬರಲ್ಲ. ಚಿಕ್ಕವನಿದ್ದಾಗಲೇ ದುವಾಲಾ ಪಟ್ಟಣದಲ್ಲಿದ್ದ ಮಾವನ ಮನೆಗೆ ಕಳಿಸಿದ್ರಂತೆ. ಮಾವ ಸರ್ಕಾರಿ ಆಫೀಸರ್. ಅವರ ಮನೇಲಿ ಫ್ರೆಂಚ್ ಒಂದೇ. ತಾಯಿಗೆ ಫ್ರೆಂಚ್ ಸಂತೆ ವ್ಯಾಪಾರಕ್ಕೆ ಆಗುವಷ್ಟು. ಪ್ರತಿ ಭಾನುವಾರ ಇಬ್ಬರೂ ಊಟ ಆಯ್ತಾ, ಚಳಿ ಇದೆಯಾ ಅಂತ ಕೇಳಿ ಫೋನ್ ಇಡ್ತಾರೆ. ಈಗ ಅವಳೇ ಹೇಳಿದಳು."

ಅವಳ ಹೆಸರು ಜೂಲಿಯೆನ್. ಮರುದಿನದಿಂದ ದಿನವೂ ಫೋನ್ ಮಾಡಿದಳು. ವಿವಿಯನ್ ಆಸ್ಪತ್ರೆಯಿಂದ ಸುದ್ದಿ ತಿಳಿದು ಹೇಳುವುದು, ಅಸಾಂಗ್ ಅದನ್ನು ಅವಳಿಗೆ ಮುಟ್ಟಿಸುವುದು ಎಂದು ಶುರುವಾದದ್ದು ಬೇಗನೆ ಬೇರೆ ಮಾತುಗಳಿಗೆ ಹೊರಳಿತು. ಅವಳು ಅಸಾಂಗನ ತಂದೆಯ ಹೆಸರು, ಊರು, ಮನೆತನ ಎಲ್ಲವನ್ನೂ ವಿಚಾರಿಸಿದಳು. ಹರೆಯದಲ್ಲಿ ತಾಳೆ ಎಣ್ಣೆ ತರಲು ಗುಡ್ಡ ಇಳಿದು ಅವನ ಊರಿನ ಸಂತೆಗೆ ಬರುತ್ತಿದ್ದಳಂತೆ. ಅವನ ಚಿಕ್ಕಮ್ಮನೊಬ್ಬಳ ನೆನಪೂ ಅವಳಿಗಿತ್ತು. ಅಸಾಂಗ್ ಮೆಟ್ಟಿಲ ಮೇಲೆ ಕೂತು ನಗುವುದು ಮೇಲಿನ ಕೋಣೆಗೆ ಕೇಳಿಸುತ್ತಿತ್ತು. ಅವನ ನಗುವನ್ನು ವಿವಿಯನ್ ಅಲ್ಲಿಯ ತನಕ ಕೇಳಿರಲಿಲ್ಲ.

ಎರಡನೆಯ ವಾರದಲ್ಲಿ ಒಂದು ದಿನ ಫೋನ್ ರಿಂಗಾದಾಗ ಅಸಾಂಗ್ ಎತ್ತಲಿಲ್ಲ. ಪಾತ್ರೆ ತೊಳೆಯುತ್ತಿದ್ದವನು ತೊಳೆಯುತ್ತಲೇ ಇದ್ದ. ಮಾರನೆಯ ದಿನವೂ ಹಾಗೆಯೇ ಆಯಿತು.

"ಏನಾಯ್ತು?" ವಿವಿಯನ್ ಕೇಳಿದ.

ಅಸಾಂಗ್ ಕೈ ಒರೆಸಿಕೊಂಡು ಕೂತ. "ಮೊನ್ನೆ ನನ್ನ ಮನೆ ಸುಟ್ಟ ವಿಷಯ ಅವಳಿಗೆ ಹೇಳಿದೆ. ಇಲ್ಲಿ ಯಾರಿಗೂ ಅದನ್ನ ಸರಿಯಾಗಿ ಹೇಳಿಲ್ಲ, ಹೇಳೋಕೆ ಇಂಗ್ಲಿಷ್ ಸಾಕಾಗಲ್ಲ. ಅವಳಿಗೆ ಎಲ್ಲ ಹೇಳಿದೆ. ಯಾವ ಗೋಡೆ ಮೊದಲು ಬಿತ್ತು, ಅಮ್ಮ ಏನು ಹೊತ್ಕೊಂಡು ಓಡಿದಳು, ಎಲ್ಲ. ಅವಳು ಪೂರ್ತಿ ಕೇಳಿಸಿಕೊಂಡಳು. ಆಮೇಲೆ, ಸಂತೆಯಲ್ಲಿ ಅವಳದೊಂದು ಊಟದ ಹೋಟೆಲು, ಆ ಕಾಲದಲ್ಲಿ ಸೈನಿಕರ ಲಾರಿಗಳು ಅದರ ಎದುರೇ ನಿಲ್ತಿದ್ವು ಅಂದಳು. ಗುಡ್ಡ ಇಳಿಯೋ ಮುಂಚೆ ಊಟಕ್ಕೆ. ಬೀನ್ಸು, ಬಾಳೆಕಾಯಿ ಬಡಿಸಿದೆ, ಸಣ್ಣ ಹುಡುಗರು, ಹಸಿದಿದ್ರು ಅಂದಳು."

"ಅವರು ಎಲ್ಲಿಗೆ ಹೋಗ್ತಾರೆ ಅಂತ ಅವಳಿಗೆ ಗೊತ್ತಿತ್ತಾ?"

"ನಾನೂ ಅದನ್ನೇ ಕೇಳಿದೆ. ಗೊತ್ತಿತ್ತು ಅಂದಳು. ಗೊತ್ತಿರಲಿಲ್ಲ ಅಂದಿದ್ರೆ ನಾನು ನಂಬ್ತಿದ್ದೆ."

ವಿವಿಯನ್ನನ ಮನೆಯಲ್ಲಿ ಕೊಂಕಣಿ, ಪೇಟೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ. ಯಾವ ಭಾಷೆಗಾಗಿಯೂ ಯಾರೂ ಅವನ ಮನೆಗೆ ಬೆಂಕಿ ಹಚ್ಚಿರಲಿಲ್ಲ.

ಅದೇ ಮಧ್ಯಾಹ್ನ ಆಸ್ಪತ್ರೆಯಿಂದ ಫೋನ್ ಬಂತು. ಸೆರ್ಜನ ಸ್ಥಿತಿ ಹದಗೆಟ್ಟಿದೆ, ಬೋರಲು ಮಲಗಿಸಿದ್ದೇವೆ, ಮನೆಯವರಿಗೆ ತಿಳಿಸುವುದು ಒಳ್ಳೆಯದು ಎಂದರು. ವಿವಿಯನ್ ಇದನ್ನು ಹೇಳಿದಾಗ ಅಸಾಂಗ್, "ನೀನೇ ಹೇಳು," ಎಂದು ಹಿತ್ತಿಲ ಕಡೆ ಹೊರಟ.

ವಿವಿಯನ್ ತನ್ನ ಮೊಬೈಲಿನಲ್ಲಿ ಅನುವಾದದ ಆ್ಯಪ್ ತೆರೆದ. ಅದರಲ್ಲಿ ಫ್ರೆಂಚ್ ಇತ್ತು, ಯೆಂಬಾ ಇರಲಿಲ್ಲ. ಇಂಗ್ಲಿಷಿನಲ್ಲಿ ಎರಡು ವಾಕ್ಯ ಬರೆದು ಗುಂಡಿ ಒತ್ತಿದ. ನಿಮ್ಮ ಮಗನ ಸ್ಥಿತಿ ಗಂಭೀರವಾಗಿದೆ ಎಂಬುದನ್ನು ಒಂದು ಯಂತ್ರದ ಹೆಣ್ಣು ದನಿ ರೈಲಿನ ಪ್ರಕಟಣೆಯಂತೆ ಫ್ರೆಂಚಿನಲ್ಲಿ ಓದಿತು. ಜೂಲಿಯೆನ್‌ಗೆ ಫೋನ್ ಮಾಡುವ ಮೊದಲು, ಸರಿಯಾಗಿ ಕೇಳಿಸುತ್ತದೆಯೋ ಎಂದು ವಿವಿಯನ್ ಮತ್ತೊಮ್ಮೆ ಹಾಕಿದ.

ಅಸಾಂಗ್ ಹಿತ್ತಿಲ ಬಾಗಿಲಿನಿಂದ ಒಳಗೆ ಬಂದ. "ಅದನ್ನ ನಿಲ್ಲಿಸು. ಅವಳಿಗೆ ಇದು ಹೀಗೆ ತಿಳಿಯೋದು ಬೇಡ," ಎಂದು ಸೆರ್ಜನ ಫೋನು ಎತ್ತಿಕೊಂಡ.

ಆ ದಿನ ಅವನು ಮೆಟ್ಟಿಲಿಗೆ ಹೋಗಲಿಲ್ಲ, ಅಲ್ಲಿಯೇ ನಿಂತು ಮಾತಾಡಿದ. ಮಾತು ಚಿಕ್ಕದಾಗಿತ್ತು. ಮುಗಿಸಿ ವಿವಿಯನ್ ಕಡೆ ತಿರುಗಿ, "ಅವನ ಕಿವಿಗೆ ಫೋನ್ ಹಿಡೀತಾರಾ ಅಂತ ಕೇಳ್ತಿದ್ದಾಳೆ," ಎಂದ.

ವಿವಿಯನ್ ಕೇಳಿದ, ಐಸಿಯುನವರು ಒಪ್ಪಿದರು. ಬೇರೆಯವರಿಗೂ ಅವರು ಹಾಗೆ ಮಾಡುತ್ತಿದ್ದರು. ಸಂಜೆ ಒಬ್ಬ ನರ್ಸ್ ಸೆರ್ಜನ ತಲೆಯ ಹತ್ತಿರ ಟ್ಯಾಬ್ಲೆಟ್ ಹಿಡಿದಳು. ಅಸಾಂಗ್ ಈ ಮನೆಯಿಂದ ಎರಡೂ ಕಡೆಯನ್ನು ಜೋಡಿಸಿದ. ಪ್ರಜ್ಞೆಯಿಲ್ಲದ ಮಗನಿಗೆ, ಪ್ರಜ್ಞೆಯಿದ್ದರೂ ಅವನಿಗೆ ತಿಳಿಯದ ಭಾಷೆಯಲ್ಲಿ, ಜೂಲಿಯೆನ್ ತುಂಬ ಹೊತ್ತು ಮಾತಾಡಿದಳು. ಲೈನಿನಲ್ಲಿದ್ದವರ ಪೈಕಿ ಅದು ಅರ್ಥವಾದದ್ದು ಅಸಾಂಗನಿಗೆ ಮಾತ್ರ. ಅವನು ಗೋಡೆ ನೋಡುತ್ತ ಕೂತಿದ್ದ.

ಸೆರ್ಜ್ ಬದುಕಿದ. ಫೆಬ್ರವರಿ ಮುಗಿಯುವ ಹೊತ್ತಿಗೆ ಮನೆಗೆ ಬಂದಾಗ ಅವನ ಅಂಗಿ ಹೆಗಲಿನಿಂದ ಜಾರುತ್ತಿತ್ತು. ಮೆಟ್ಟಿಲು ಹತ್ತಲು ನಡುವೆ ಕೂರಬೇಕಾಗುತ್ತಿತ್ತು. ತಾಯಿಯ ಜೊತೆ ಯಾರು ಮಾತಾಡುತ್ತಿದ್ದರು ಎಂಬುದನ್ನು ವಿವಿಯನ್ ಹೇಳಿದಾಗ ಅವನು ಥ್ಯಾಂಕ್ಸ್ ಹೇಳಲಿಲ್ಲ. ಅವನ ಮುಖ ಬಿಗಿಯಾಯಿತು.

ಎರಡು ಮೂರು ದಿನ ಕಳೆದು ಅವನೇ ಅಡುಗೆಮನೆಗೆ ಬಂದು ಅಸಾಂಗನ ಎದುರು ಕೂತ. ಅರೆಬರೆ ಇಂಗ್ಲಿಷಿನಲ್ಲಿ, "ನನ್ನ ತಾಯಿ ಆಸ್ಪತ್ರೇಲಿ ನನಗೆ ಏನು ಹೇಳಿದಳು?" ಎಂದು ಕೇಳಿದ.

ಅಸಾಂಗ್ ಇಂಗ್ಲಿಷಿನಲ್ಲಿ ಶುರು ಮಾಡಿದ. ಸೆರ್ಜ್ ಹುಬ್ಬು ಗಂಟಿಕ್ಕಿ ಕೇಳಿದ, ಅರ್ಧ ದಾಟಲಿಲ್ಲ. ಅಸಾಂಗ್ ನಿಲ್ಲಿಸಿದ. ನೀರು ಕುದಿಯುತ್ತಿದ್ದ ಒಲೆಯನ್ನು ಆರಿಸಿ ಬಂದು ಫ್ರೆಂಚಿನಲ್ಲಿ ಮೊದಲಿನಿಂದ ಹೇಳಿದ.

ಅಲ್ಲೇ ಇದ್ದ ವಿವಿಯನ್‌ಗೆ ಒಂದು ಮಾತೂ ತಿಳಿಯಲಿಲ್ಲ. ಸೆರ್ಜ್ ಮೇಜಿನ ಅಂಚನ್ನು ಉಗುರಿನಿಂದ ಕೆರೆಯುತ್ತಿದ್ದುದನ್ನಷ್ಟೇ ನೋಡಿದ. ಅವಳು ಹೇಳಿದ್ದೇನೆಂಬುದನ್ನು ಸೆರ್ಜ್ ವಾರಗಳ ನಂತರ ವಿವರಿಸಿದ. ನಿನ್ನನ್ನು ಮಾವನ ಮನೆಗೆ ಕಳಿಸಿದ್ದು ನಾನೇ. ಮೊದಲ ರಜೆಯಲ್ಲಿ ನೀನು ಓಡಿಬಂದು ಅಂಗಳದಲ್ಲಿ ಫ್ರೆಂಚಿನಲ್ಲಿ ಏನೇನೋ ಹೇಳಿದೆ. ನನಗೆ ತಿಳಿಯಲಿಲ್ಲ. ನೀನು ನಾಚಿಕೊಳ್ಳಬಾರದೆಂದು ಎಲ್ಲ ಅರ್ಥವಾದವಳ ಹಾಗೆ ತಲೆಯಾಡಿಸಿದೆ. ಅಂದಿನಿಂದ ತಲೆಯಾಡಿಸುತ್ತಲೇ ಇದ್ದೇನೆ. ಎದ್ದು ಬಾ, ಇನ್ನು ಮೇಲೆ ಅರ್ಥವಾಗದಿದ್ದರೆ ಅರ್ಥವಾಗಲಿಲ್ಲ ಅಂತಲೇ ಹೇಳುತ್ತೇನೆ.

"ಬೇರೆ ಏನಾದ್ರೂ ಹೇಳಿದಳಾ?" ಎಂದು ಸೆರ್ಜ್ ಅಂದು ಅಸಾಂಗನನ್ನು ಕೇಳಿದ್ದನಂತೆ. ಊರಿನ ಸುದ್ದಿ ಎಂದನಂತೆ ಅಸಾಂಗ್. ಲಾರಿಗಳ ವಿಷಯ, ಬೀನ್ಸಿನ ವಿಷಯ ಅವನು ಎತ್ತಲಿಲ್ಲ. ವಿವಿಯನ್ ಕೂಡ ಎತ್ತಲಿಲ್ಲ.

ಅವರಿಬ್ಬರು ಗೆಳೆಯರಾದರು ಎನ್ನುವಂತಿಲ್ಲ. ಒಟ್ಟಿಗೆ ಕೂತು ಉಂಡದ್ದು ಕಡಿಮೆ. ಈಸ್ಟರ್ ಕಳೆದ ಮೇಲೆ ಸೆರ್ಜನಿಗೆ ಲಿಮೆರಿಕ್‌ನಲ್ಲಿ ಕುಳಿತು ಮಾಡುವ ಕೆಲಸ ಸಿಕ್ಕಿತು, ಅಲ್ಲಿಗೆ ಹೋದ. ಹೊರಡುವ ಮುಂಚಿನ ಭಾನುವಾರಗಳಲ್ಲಿ ಅವನ ಕೋಣೆಯಿಂದ ಕೇಳುತ್ತಿದ್ದ ಫೋನ್ ಮಾತಿನ ಲಯ ಬದಲಾಗಿತ್ತು. ಅವನು ಮಾತಾಡುವಾಗ ಆ ಕಡೆಯಿಂದ ತಡೆ ಬರುತ್ತಿತ್ತು. ಅವನು ಅದನ್ನೇ ನಿಧಾನವಾಗಿ, ಬೇರೆ ಪದಗಳಲ್ಲಿ ಹೇಳುತ್ತಿದ್ದ. ಕೆಲವೊಮ್ಮೆ ಸಿಡುಕುತ್ತಿದ್ದ. ಅವಳೂ ಸಿಡುಕುತ್ತಿದ್ದಳು.

ಬೇಸಗೆಯಲ್ಲಿ ಒಂದು ದಿನ ಅಸಾಂಗ್ ಡ್ಯೂಟಿಗೆ ಹೊರಡಲು ಬೂಟು ಕಟ್ಟುತ್ತಿದ್ದಾಗ ವಿವಿಯನ್ ಕೇಳಿದ, "ಜೂಲಿಯೆನ್ ಜೊತೆ ಈಗಲೂ ಮಾತಾಡ್ತೀರಾ?"

"ಸಂತೆ ದಿನ ಫೋನ್ ಮಾಡ್ತಾಳೆ."

"ಆ ಸೈನಿಕರ ವಿಷಯ?"

"ಮತ್ತೆ ಬಂದಿಲ್ಲ. ನಾನು ಮರೆತಿಲ್ಲ. ಅವಳೂ ಮರೆತಿಲ್ಲ ಅಂತ ಅವಳ ದನಿಯಲ್ಲೇ ಗೊತ್ತಾಗುತ್ತೆ." ಇನ್ನೊಂದು ಬೂಟಿನ ದಾರ ಎಳೆದು ಕಟ್ಟಿದ. "ಊರಿಗೆ ಹೋಗೋದಾದ್ರೆ ಅವಳ ಊರಿನ ಮೇಲೆ ಹಾದು ಹೋಗ್ಬೇಕಂತೆ. ಆ ಕಡೆ ರಸ್ತೆ ಚೆನ್ನಾಗಿದೆಯಂತೆ. ಅವಳ ಮನೇಲಿ ಉಂಡು ಮುಂದೆ ಹೋಗ್ಬೇಕಂತೆ."

"ಉಣ್ತೀರಾ?"

ಅಸಾಂಗ್ ಮಾಸ್ಕ್ ಹಾಕಿಕೊಂಡು, ಕಿವಿಯ ಹಿಂದಿನ ದಾರ ಸರಿಪಡಿಸಿಕೊಂಡ.

"ಮೊದಲು ಅಲ್ಲಿಂದ ನಮ್ಮೂರಿಗೆ ಇಳಿಯೋ ರಸ್ತೆ ತೆಗೀಲಿ," ಎಂದು ಬಾಗಿಲೆಳೆದುಕೊಂಡು ಬಸ್ ಸ್ಟಾಪಿನ ಕಡೆ ನಡೆದ.