ಅಪ್ಪನ ಫೋಟೋ ತೆಗೆಯುವುದು

ಗಾಜಿನ ಮೇಲೆ ಯಾರದೋ ಹೆಬ್ಬೆರಳಿನ ಗುರುತು, ಎಣ್ಣೆಗೈ ಇರಬೇಕು, ನಮ್ಮ ಕನ್ನಡಕದ ಅಂಗಡಿಯಾಗಿದ್ದರೆ ಇಷ್ಟು ಹೊತ್ತಿಗೆ ಒರೆಸಿರುತ್ತಿದ್ದೆ, ಹಳದಿ ಬಟ್ಟೆ ಜೇಬಿನಲ್ಲೇ ಇದೆ, ಆದರೆ ಇಲ್ಲಿ ನಾನು ಗಿರಾಕಿ, ಗಿರಾಕಿ ಒರೆಸುವುದಿಲ್ಲ, ಗಿರಾಕಿ ನೋಡಬೇಕು – ಕ್ಯಾಮೆರಾ ಅಂಗಡಿಯವನು ಆ ಗುರುತಿನ ಮೇಲೆಯೇ ಒಂದು ಲೆನ್ಸ್ ತಂದಿಟ್ಟ, ಪಕ್ಕದಲ್ಲಿ ಇನ್ನೊಂದು, ಇದು ಹದಿನೆಂಟು-ಐವತ್ತೈದು ಮೇಡಂ, ಕ್ಯಾಮೆರಾ ಬಾಡಿ ಜೊತೆಗೇ ಬರುತ್ತೆ, ಇದು ಬರೀ ಐವತ್ತು, ಯಾವುದು ಹಾಕಿ ತೋರಿಸ್ಲಿ, ಎರಡೂ ಕಪ್ಪು, ಎರಡೂ ದುಂಡು, ದಿನವಿಡೀ ಈ ಪ್ರಶ್ನೆ ಕೇಳುವವಳು ನಾನು, ಕನ್ನಡಕಕ್ಕೆ ಬಂದವರ ಮೂಗಿನ ಮೇಲೆ ಆ ಭಾರದ ಫ್ರೇಮ್ ಕೂರಿಸಿ ಒಂದು ಗಾಜು ಹಾಕಿ ಇನ್ನೊಂದು ತೆಗೆದು, ಮೊದಲನೇದಾ, ಎರಡನೇದಾ, ಯಾವುದ್ರಲ್ಲಿ ಚೆನ್ನಾಗಿ ಕಾಣುತ್ತೆ, ಅವರು ತಬ್ಬಿಬ್ಬಾಗುತ್ತಾರೆ, ಎರಡೂ ಒಂದೇ ಥರ ಇದ್ಯಲ್ಲಮ್ಮ ಅನ್ನುತ್ತಾರೆ, ನಾನು ಒಳಗೊಳಗೇ ನಗುತ್ತೇನೆ, ಇನ್ನು ಮೇಲೆ ನಗಬಾರದು. ಇದರ ಪವರ್ ಎಷ್ಟು, ಪ್ಲಸ್ಸಾ ಮೈನಸ್ಸಾ ಎಂದು ಕೇಳಿಬಿಟ್ಟೆ, ಬಾಯಿ ತಪ್ಪಿ, ಅವನು ನನ್ನ ಮುಖವನ್ನೇ ನೋಡಿದ, ಮೇಡಂ ಇದು ಓದೋಕಲ್ಲ ಅಂದ. ನಮ್ಮಲ್ಲಿ ಫ್ರೇಮ್ ಬಗ್ಗಿಸುವ ಅಣ್ಣ ಹೇಳಿ ಕಳಿಸಿದ್ದನಲ್ಲ, ನಿಂಗೇನೇ ಕಷ್ಟ, ಬೆಳಗಾದ್ರೆ ಲೆನ್ಸಲ್ಲೇ ಮುಖ ತೊಳೆಯೋಳು, ಕಣ್ಮುಚ್ಕೊಂಡು ಆರಿಸ್ಬಹುದು – ಕಣ್ಣು ಮುಚ್ಚಿಕೊಂಡೇ ಆರಿಸಬೇಕೇನೋ, ತೆರೆದರೆ ಬರೀ ಅಂಕಿಗಳು, ಬಾಡಿಗೊಂದು ಅಂಕಿ, ಲೆನ್ಸಿಗೊಂದು, ಉಂಗುರದ ಸುತ್ತ ಇರುವೆ ಸಾಲಿನಂಥ ಅಂಕಿಗಳು, ಇದು ಕಿಂಡಿಯ ನಂಬರ್ ಅನ್ನುತ್ತಿದ್ದಾನೆ ಅವನು, ನಂಬರ್ ಕಮ್ಮಿ ಆದಷ್ಟೂ ಕಿಂಡಿ ದೊಡ್ಡದು, ಒಂದು ಪಾಯಿಂಟ್ ಎಂಟು ಅಂದ್ರೆ ಪೂರ್ತಿ ತೆಗೆದಂಗೆ, ಇಪ್ಪತ್ತೆರಡು ಅಂದ್ರೆ ಹೆಚ್ಚುಕಮ್ಮಿ ಮುಚ್ಚಿದಂಗೆ, ಅದೇನು ಉಲ್ಟಾ ಲೆಕ್ಕ, ಕಮ್ಮಿ ಅಂದರೆ ಜಾಸ್ತಿ, ತಲೆಯಾಡಿಸುತ್ತಿದ್ದೇನೆ, ಅರ್ಥವಾಗದಿದ್ದಾಗಲೇ ನಾನು ಜಾಸ್ತಿ ತಲೆಯಾಡಿಸುವುದು, ಡಾಕ್ಟರ ಮುಂದೆಯೂ ಹೀಗೇ ಆಡಿಸಿದ್ದೆ. ಪೂರ್ತಿ ತೆಗೆದ್ರೆ ಕಣ್ಣು ಚೊಕ್ಕ ಬರುತ್ತೆ, ಕಿವಿ ಮಸುಕು, ಅದೇ ಈಗ ಎಲ್ರಿಗೂ ಇಷ್ಟ, ಅನ್ನುತ್ತಾನೆ, ದವಡೆ, ಅಂದೆ ನಾನು, ದವಡೆ ಹೇಗೆ ಬರುತ್ತೆ, ಅವನು ಲೆನ್ಸ್ ಕೆಳಗಿಟ್ಟ, ಯಾವ ದವಡೆ ಮೇಡಂ, ಓ ಪ್ರಾಣಿಗಳದ್ದಾ, ಮೊದ್ಲೇ ಹೇಳ್ಬಾರ್ದಾ, ಎಂದು ಬಗ್ಗಿ ಕೆಳಗಿನಿಂದ ಉದ್ದನೆಯ ಇನ್ನೊಂದನ್ನು ಎತ್ತಿಟ್ಟ, ಇದು ಇನ್ನೂರೈವತ್ತರವರೆಗೆ, ಆಚೆ ದಡದಲ್ಲಿ ನಿಂತ್ಕೊಂಡೇ ಮೊಸಳೆ ಹಲ್ಲು ಎಣಿಸ್ಬಹುದು. ಪ್ರಾಣಿ ಅಲ್ಲ, ನಮ್ಮಪ್ಪ.

ಅವನು ಹಲ್ಲು ಕಚ್ಚಿ ನಗು ತಡೆದ, ಮೂರು ಲೆನ್ಸ್ ಸಾಲಾಗಿ ನಿಂತಿವೆ, ದೂರದ್ದು, ನಡುವಿನದು, ಹತ್ತಿರದ್ದು, ಅಪ್ಪನನ್ನು ಎಷ್ಟು ದೂರದಿಂದ ನೋಡಬೇಕು ನಾನು, ಅದನ್ನು ಹೇಳುವವರು ಯಾರೂ ಇಲ್ಲ, ನಾಳೆ ಬೆಳಿಗ್ಗೆ ಅಡ್ಮಿಟ್, ನಾಡಿದ್ದು ಆಪರೇಷನ್. ಡಾಕ್ಟರು ಬಾಯಿ ತೆಗೀರಿ ಅಂದರು, ಅಪ್ಪ ತೆಗೆದರು, ಇನ್ನೂ ತೆಗೀರಿ ಅಂದರು, ಅಷ್ಟೇ ಆಗೋದು ಎಂದು ಕೈಸನ್ನೆ ಮಾಡಿದರು ಅಪ್ಪ, ಆಮೇಲೆ ಡಾಕ್ಟರು ಕೈಗವಸು ಕಳಚುತ್ತ, ನನ್ನನ್ನು ನೋಡದೆ ಗೋಡೆಯ ಎಕ್ಸ್‌ರೇಗೆ ಹೇಳಿದರು, ಎಡಗಡೆ ಅರ್ಧ ದವಡೆ ತೆಗೀಬೇಕಾಗುತ್ತೆ, ಕಾಲಿನ ಮೂಳೆ ತಂದು ಕಟ್ಟಿಕೊಡ್ತೀವಿ, ಮುಖ ಮೊದಲಿನ ಹಾಗೇ ಇರುತ್ತೆ ಅಂತ ಹೇಳಲ್ಲ, ತೆಗೀರಿ, ತೆಗೀಬೇಕು, ಒಂದೇ ಪದ, ಬಾಯಿಗೂ ದವಡೆಗೂ, ನಾನು ತಲೆಯಾಡಿಸುತ್ತಲೇ ಇದ್ದೆ. ದವಡೆ ಅಂದರೆ ಅಪ್ಪನಿಗೆ ಜೀವನಪೂರ್ತಿ ಬೇರೆಯವರದು, ಎಡಗೈ ಹೆಬ್ಬೆರಳು ಗಿರಾಕಿಯ ಗದ್ದದ ಕೆಳಗೆ, ಬೆಳಕಿನ ಕಡೆ ಒಂಚೂರು ಎತ್ತಿ, ಒಂಚೂರು ತಿರುಗಿಸಿ, ಬಲಗೈಯಲ್ಲಿ ರೇಜರು, ಬ್ಯಾಂಕ್ ಮ್ಯಾನೇಜರ ದವಡೆ, ಲಾರಿ ಡ್ರೈವರನ ದವಡೆ, ಮದುವೆಗಂಡುಗಳ ನಡುಗುವ ದವಡೆ, ಆ ಹೆಬ್ಬೆರಳಿಗೆ ಇಲ್ಲ ಅಂದವರೇ ಇಲ್ಲ. ಅಪ್ಪನ ಕ್ಷೌರದಂಗಡಿ ಮೀಸೆ ಅಂಗಡಿ ಅಂತಲೇ ಬೀದಿಗೆಲ್ಲ ಗೊತ್ತು, ಬೋರ್ಡಿನಲ್ಲಿ ಏನು ಬರೆದಿದೆ ಎಂದು ಓದಿದವರಿಲ್ಲ, ಕನ್ನಡಿಯ ಮೇಲ್ಗಡೆ ಅಪ್ಪನದೇ ಫೋಟೋ, ನಾನು ಹುಟ್ಟುವ ಮುಂಚಿನದು, ಮೀಸೆ ಎರಡೂ ಕಡೆ ಕೊಂಕಿ ಮೇಲೆದ್ದು, ದವಡೆ ಮೇಜಿನ ಮೂಲೆಯ ಹಾಗೆ, ಬಂದು ಕೂತವರು ಅದನ್ನೇ ತೋರಿಸಿ ನಂಗೂ ಹಂಗೇ ಮಾಡ್ಬಿಡಿ ಅನ್ನುತ್ತಾರೆ, ಅಪ್ಪ ನಿಮ್ಮ ದವಡೆ ಕೊಡಿ ಮೊದ್ಲು, ಮೀಸೆ ನಾ ನೋಡ್ಕೋತೀನಿ ಅನ್ನುತ್ತಿದ್ದರು. ಆ ಫೋಟೋದ ಗಂಡಸನ್ನು ನಾನು ಕಂಡಿಲ್ಲ. ನಾನು ಕಂಡ ಅಪ್ಪನ ಮೀಸೆ ನರೆತದ್ದು, ತುದಿ ಚಹಾದಲ್ಲಿ ಅದ್ದಿ ಹಳದಿಯಾದದ್ದು, ಆ ಅಪ್ಪನದು ಒಂದೇ ಒಂದು ನೆಟ್ಟಗಿನ ಫೋಟೋ ಇಲ್ಲ, ಫೋನಿನಲ್ಲಿ ಪ್ರಯತ್ನಪಟ್ಟೆನಲ್ಲ ಹೋದ ವಾರ, ಫೋನು ಚರ್ಮ ನುಣುಪು ಮಾಡಿ ಗೆರೆಗಳನ್ನೆಲ್ಲ ಅಳಿಸಿ ಎಡದವಡೆಯ ಗಂಟನ್ನೂ ಸವರಿ ತೆಗೆದುಬಿಟ್ಟಿತ್ತು, ಡಾಕ್ಟರಿಗಿಂತ ಮುಂಚೆ, ನೋಡಿ ಅಪ್ಪ ನಕ್ಕರು, ಇವನ್ಯಾರೋ ಸಿನಿಮಾಕ್ಕೆ ಹೊರಟವನು ಅಂದರು. ಅದಾದ ಮೇಲೆ ತಾನೇ ಮೊನ್ನೆ, ಬೆಳಿಗ್ಗೆ ಅಂಗಡಿ ತೆಗೆಯುವಾಗ, ಶಟರ್ ಮೇಲಕ್ಕೆ ತಳ್ಳಿ ಅರ್ಧಕ್ಕೇ ನಿಂತು, ಬಾಯಲ್ಲಿ ಹತ್ತಿ, ಮಾತು ಒಂದೇ ಮಗ್ಗುಲಿನಿಂದ ಬರುತ್ತಿತ್ತು, ಅಡ್ಮಿಟ್ ಆಗೋಕ್ಮುಂಚೆ ನನ್ ಫೋಟೋ ಒಂದು ತೆಗೆದುಬಿಡು ಮಗಳೇ ಅಂದರು, ಶಟರಿನ ಸದ್ದಿನ ಜೊತೆ ಅಂದರು, ಆಗಲಿ ಅಪ್ಪ ಅಂದೆ, ಕೊನೆಗೂ ಬಾಯಿಬಿಟ್ಟು ಕೇಳಿದರಲ್ಲ ಎಂದು, ಅವರ ಮುಖ ಇರುವ ಹಾಗೇ ಒಂದು ಸಲ, ಗೆರೆ ಗಂಟು ಸಮೇತ, ಫೋನು ಬೇಡ ನಿಜವಾದ ಕ್ಯಾಮೆರಾ – ಮೇಡಂ, ಶಟರ್ ಸ್ಪೀಡ್ ಬಗ್ಗೆ ಹೇಳ್ಲಾ, ಅನ್ನುತ್ತಿದ್ದಾನೆ ಇವನು, ಬೇಡ, ಒಂದು ಸಲ ಕೈಗೆ ಕೊಡಿ ಸಾಕು, ಕೊಟ್ಟ, ಭಾರ ಇದೆ, ಹಿಂಬದಿಯ ನೋಡುವ ಕಿಂಡಿಗೆ ಕಣ್ಣಿಟ್ಟೆ, ಒಳಗೆ ಅಂಗಡಿ ಪುಟ್ಟದಾಗಿ, ಒತ್ತಿ ಅಂದ, ಒತ್ತಿದೆ, ಟಪಕ್ಕೆಂದು ಎಲ್ಲ ಕತ್ತಲೆ, ಮತ್ತೆ ಬೆಳಕು, ಏನಾಯ್ತು, ಏನೂ ಆಗಿಲ್ಲ ಮೇಡಂ, ಒಳಗೊಂದು ಕನ್ನಡಿ ಇದೆ, ತೆಗೆಯೋವಾಗ ಅದು ಮೇಲಕ್ಕೇಳುತ್ತೆ, ಆ ಗಳಿಗೇಲಿ ನಿಮಗೆ ಏನೂ ಕಾಣಲ್ಲ, ಎಲ್ಲ ನೋಡಿದ ಮೇಲೆ ಸರಿಯಾಗಿ ಬೇಕಾದ ಹೊತ್ತಿಗೆ ಕುರುಡು, ಕನ್ನಡಿ ಇಲ್ಲದ್ದೂ ಬಂದಿದೆ, ತೋರಿಸ್ಲಾ, ಅಂದ, ಇದು ನಾಲ್ಕನೆಯದು, ಬೇಡಪ್ಪ, ಕನ್ನಡಿ ಇರಲಿ, ಅಪ್ಪನಿಗೆ ಕನ್ನಡಿ ಅಂದರೆ –

ಜೇಬು ನಡುಗುತ್ತಿದೆ, ಅಮ್ಮ, ಕ್ಯಾಮೆರಾವನ್ನು ಒಂದು ಕೈಯಲ್ಲಿ ಹಿಡಿದು ಹಲೋ ಅಂದೆ, ತೆಗೆದುಬಿಟ್ರು ಕಣೇ ಅಂದಳು. ಏನನ್ನ. ನಿಮ್ಮಪ್ಪ, ಯಾರಿಗೂ ಹೇಳ್ದೆ ಕೇಳ್ದೆ. ಫೋಟೋನಾ, ಅಂದೆ, ಯಾಕೆ ಹಾಗಂದೆನೋ, ಸ್ವಂತ ಫೋಟೋ ತಾವೇ ತೆಗೆದುಕೊಂಡರೇ ಎಂದು ಒಂದು ನಿಮಿಷ, ಯಾವ ಫೋಟೋನೇ, ಮೀಸೆ, ಅಂದಳು ಅಮ್ಮ, ಊಟದ ಡಬ್ಬಿ ತಗೊಂಡು ಹೋದ್ರೆ ಕುರ್ಚೀಲಿ ಯಾರೋ ಗಿರಾಕಿ ಬೆನ್ನು ಮಾಡಿ ಕೂತಿದಾನೆ, ಕನ್ನಡೀಲಿ ನೋಡಿದ್ರೂ ಗೊತ್ತಾಗ್ಲಿಲ್ಲ, ಅಂಗಡಿಯವರೆಲ್ಲಿ ಹೋದ್ರು ಅಂತ ಅವರನ್ನೇ ಕೇಳ್ಬಿಟ್ಟೆ ಕಣೇ – ಅಲ್ಲಿಗೆ ಅವಳ ದನಿ ನಗುವೋ ಇನ್ನೇನೋ ಆಗಿ ಒಡೆಯಿತು, ಈಗಷ್ಟೇ ಆಚೆ ಹೋದ್ರು ಅಂದ್ರು ನೋಡು ಅದಕ್ಕೆ, ಅದೇ ಕುರ್ಚೀಲಿ ಕೂತ್ಕೊಂಡು. ಆಸ್ಪತ್ರೆಯವರು ಮುಖ ಪೂರ್ತಿ ಬೋಳಿಸಿ ಬನ್ನಿ ಅಂದಿದ್ದಾರೆ, ಅಲ್ಲಿ ಯಾರ ಕೈಗೋ ಕೊಡೋದಕ್ಕಿಂತ ನಾನೇ ತೆಗೆದುಕೊಳ್ಳುತ್ತೇನೆ ಅಂದರಂತೆ, ಸರಿಯಾಗಿಯೇ ಇದೆ, ಅವರ ಕೆಲಸ ಅದು, ಆದರೆ ನಾನು ಫೋಟೋ ತೆಗೆಯಬೇಕಿತ್ತಲ್ಲ ಅಮ್ಮ, ನನಗೆ ಹೇಳಿದ್ದರಲ್ಲ, ಅದಕ್ಕೇ ನಾನು ಇಲ್ಲಿ, ಅಂದೆ, ಅಮ್ಮನಿಗೆ ತಲೆಬುಡ ತಿಳಿಯಲಿಲ್ಲ, ಇರು ಅವರಿಗೇ ಕೊಡ್ತೀನಿ ಅಂದಳು, ಉಸಿರಿನ ಸದ್ದು ಬಂತು, ಅಪ್ಪ. ಎಲ್ಲಿದೀಯಾ. ಕ್ಯಾಮೆರಾ ಅಂಗಡೀಲಿ ಅಪ್ಪ, ನೀವು ತೆಗಿ ಅಂದ್ರಲ್ಲ. ಹಿಂದೆ ಬೀದಿಯಲ್ಲಿ ಯಾವುದೋ ಗಾಡಿ ಹಾರ್ನ್ ಹೊಡೆಯುತ್ತ ಹೋಯಿತು, ಆಮೇಲೆ ಒಂದೊಂದೇ ಪದ, ಹತ್ತಿಯ ಮಗ್ಗುಲಿನಿಂದ, ಅದಲ್ಲ ಕಣಮ್ಮ, ಗೋಡೆ ಮೇಲಿರೋದು. ಕೈ ಮೇಲೆತ್ತಿದ್ರೆ ಕತ್ತು ಸೆಳೆಯುತ್ತೆ, ಅದಕ್ಕೆ ನಿಂಗೆ ಹೇಳ್ದೆ. ವಾಪಸ್ ಬಂದ್ಮೇಲೆ ಬಂದು ಕೂತೋರೆಲ್ಲ ಅದನ್ನೊಂದ್ಸಲ ನನ್ನೊಂದ್ಸಲ ನೋಡೋದು ಬೇಡ. ನಾನು ಹೂಂ ಅಂದೆ, ತಲೆಯನ್ನೂ ಆಡಿಸಿದೆ, ಫೋನಿನಲ್ಲಿ, ಯಾರಿಗೆ ಕಾಣಬೇಕು. ಇಡಲೇನು ಅನ್ನುವಷ್ಟರಲ್ಲಿ ಮತ್ತೆ ಉಸಿರು, ಬರೋದಾದ್ರೆ ಬೆಳಕಿರೋವಾಗ್ಲೇ ಬಾ, ಅಂದರು, ಕಟ್ಟಾಯಿತು.

ಬರೋದಾದ್ರೆ ಅಂದರೆ, ಏನು ಹಿಡಿದುಕೊಂಡು ಬರೋದಾದ್ರೆ, ಗೋಡೆಯಿಂದ ಮೊಳೆ ಕೀಳಲು ಬೆಳಕು ಯಾಕೆ ಬೇಕು, ಅಂಗಡಿಯಲ್ಲಿ ದೀಪವಿದೆ, ಎರಡು ಟ್ಯೂಬ್‌ಲೈಟ್, ಬೆಳಕು ಬೇಕಾಗುವುದು ಮುಖ ನೋಡುವವರಿಗೆ, ಕುರ್ಚಿಯನ್ನು ಬಾಗಿಲ ಕಡೆ ತಿರುಗಿಸಿ, ಗದ್ದ ಎತ್ತಿ, ಅಪ್ಪನಿಗೆ ಗೊತ್ತಿದ್ದಷ್ಟು ಬೆಳಕು ಈ ಅಂಗಡಿಯವನಿಗೂ ಗೊತ್ತಿಲ್ಲ – ಅಥವಾ ಬೇಗ ಬಾ ಅನ್ನುವುದನ್ನೇ ಹಾಗೆ ಅಂದರೋ, ಕತ್ತಲಾದ ಮೇಲೆ ಹೆಣ್ಣುಮಗಳು ಒಬ್ಬಳೇ ಬರಬೇಡ ಅಂತಲೋ, ಒಂದು ತೆಗಿ-ಯನ್ನು ತಪ್ಪಾಗಿ ಕೇಳಿಸಿಕೊಂಡವಳು ಈಗ ಒಂದು ಬಾ-ವನ್ನೂ ನೆಚ್ಚಿ ಕೇಳಿಸಿಕೊಳ್ಳಲಾರೆ, ಮೊನ್ನೆ ಅವರು ಅಂದದ್ದಾದರೂ ಏನು, ನನ್ ಫೋಟೋ ಒಂದು ಅಂದರೋ, ನನ್ದೊಂದು ಫೋಟೋ ಅಂದರೋ, ಒಂದು ಎಲ್ಲಿತ್ತು, ಫೋಟೋಗೆ ಮೊದಲೋ ಆಮೇಲೋ, ಮೊದಲಿದ್ದರೆ ಹೊಸದು, ಆಮೇಲಿದ್ದರೆ ಗೋಡೆಯ ಮೇಲಿರುವುದು, ಮತ್ತೆ ಆ ಬಿಡು, ತೆಗಿ ಅಲ್ಲ ತೆಗೆದುಬಿಡು, ಹಲ್ಲು ತೆಗೆದುಬಿಡಿ, ಕಸ ತೆಗೆದುಬಿಡಿ, ನೆನಪಿಗೆ ಬರುವುದು ಶಟರಿನ ಸದ್ದು ಮಾತ್ರ. ಮೇಡಂ ಅರ್ಜೆಂಟ್ ಏನಿಲ್ಲ, ಕೂತ್ಕೊಳ್ಳಿ, ನೀರು ಬೇಕಾ, ಅನ್ನುತ್ತಿದ್ದಾನೆ, ಮುಖ ಹೇಗೆ ಕಾಣುತ್ತಿದೆಯೋ ನನ್ನದು. ಬೇಡ, ಮುಖಕ್ಕೆ ಯಾವುದು ಹೇಳಿ, ನೀವೇ ಹೇಳಿ, ಅಂದೆ, ಅವನು ಮೊಸಳೆಯದನ್ನು ಪಕ್ಕಕ್ಕೆ ಸರಿಸಿದ, ಮುಖಕ್ಕೆ ಐವತ್ತೇ, ಆದ್ರೆ ಒಂದು ವಿಷಯ ಮೇಡಂ, ಇದ್ರಲ್ಲಿ ಜೂಮ್ ಇಲ್ಲ, ಹತ್ರ ಬೇಕು ಅಂದ್ರೆ ನೀವೇ ಎದ್ದು ಹತ್ರ ಹೋಗ್ಬೇಕು. ಎಷ್ಟು ಹತ್ತಿರ. ಅವನು ಕೈ ಚಾಚಿ ತೋರಿಸಿದ, ಇಷ್ಟು, ಬರೀ ಮುಖ ಬೇಕು ಅಂದ್ರೆ – ಕ್ಷೌರದ ದೂರ ಅದು, ಕನ್ನಡಕ ತೊಡಿಸುವ ದೂರ, ನಾನು ದಿನವೂ ಆ ದೂರದಲ್ಲಿ ನಿಂತು ಗುರುತಿಲ್ಲದವರ ಕಣ್ಣಿನ ನರ ಎಣಿಸುತ್ತೇನೆ, ಅಪ್ಪನ ಮುಖವನ್ನು ಅಷ್ಟು ಹತ್ತಿರ ನೋಡಿದ್ದು ಯಾವಾಗ, ನೋಡಿದ್ದರೂ ಕನ್ನಡಿಯಲ್ಲಿ ಅವರ ಹೆಗಲ ಹಿಂದಿನಿಂದ, ಆ ಮೀಸೆಯ ಕೆಳಗೆ ಒಂದು ತುಟಿ ಇದೆ ಎಂದು ಯಾವತ್ತಾದರೂ ಅನ್ನಿಸಿತ್ತೇ, ಮೇಲ್ದುಟಿ, ಅದರ ಮೇಲೆ ಮೂಗಿನವರೆಗೆ ಒಂದು ಪಟ್ಟಿ ಚರ್ಮ, ಬಿಸಿಲು ಕಾಣದ್ದು, ಅಮ್ಮನಿಗೇ ಗುರುತು ಸಿಗದ್ದು. ಹಾಕಿ, ಐವತ್ತನ್ನೇ ಹಾಕಿ ಅಂದೆ, ಕಟಕ್ ಎಂದು ತಿರುಗಿಸಿ ಕೊಟ್ಟ, ಕಣ್ಣಿಟ್ಟೆ, ಆ ಪಟ್ಟಿ, ತೆಳ್ಳಗಿರುತ್ತದೋ ಅಗಲವೋ, ನಡುವೆ ಗುಳಿ ಇದೆಯೋ, ನನ್ನ ತುಟಿಯ ಮೇಲಿರುವ ಹಾಗೆ, ಬೆರಳಿಟ್ಟು ನೋಡಿಕೊಂಡೆ, ಬೆವರಿದೆ, ನಾಡಿದ್ದು ದವಡೆ ಹೋದರೂ ಅದು ಉಳಿಯುತ್ತದೆಯೇ, ಮೀಸೆ ಮತ್ತೆ ಬಂದು ಮುಚ್ಚುತ್ತದೆಯೇ, ಹಾಗಾದರೆ ಅದು ಇರುವುದು ಇವತ್ತು ಒಂದು ದಿನ, ಬೆಳಕಿರುವಷ್ಟು ಹೊತ್ತು, ಬರೋದಾದ್ರೆ – ಅರ್ಧ ಒತ್ತಿದೆ, ಲೆನ್ಸು ಗುರ್ರೆಂದು ಮುಂದಕ್ಕೆ ಹೋಯಿತು, ಹಿಂದಕ್ಕೆ ಬಂತು, ಮತ್ತೆ ಮುಂದಕ್ಕೆ, ಏನೂ ಹಿಡಿಯುತ್ತಿಲ್ಲ, ಎಲ್ಲ ಹಾಲು ಚೆಲ್ಲಿದ ಹಾಗೆ, ಕೆಟ್ಟಿದೆಯಾ ಇದು, ಇಲ್ಲ ಮೇಡಂ, ನೀವು ಬರೀ ಗೋಡೆ ಕಡೆ ಹಿಡಿದಿದೀರಿ, ಬಿಳೀ ಗೋಡೆ ಮೇಲೆ ಅದು ನಿಲ್ಲಲ್ಲ, ಒಂದು ಗೆರೆನಾದ್ರೂ ಬೇಕು ಅದಕ್ಕೆ, ಕ್ಯಾಮೆರಾ ಕೆಳಗಿಳಿಸಬೇಕು, ಬೆಲೆ ಎಷ್ಟು ಎಂದು ಕೇಳಬೇಕು, ಹೊರಡಬೇಕು, ಹೊರಗೆ ಬಿಸಿಲು ಎದುರಿನ ಮೆಟ್ಟಿಲು ಇಳಿಯುತ್ತಿದೆ, ಕಣ್ಣು ತೆಗೆಯಲಾಗುತ್ತಿಲ್ಲ, ಗುರ್ ಎಂದು ಮುಂದಕ್ಕೆ, ಗುರ್ ಎಂದು ಹಿಂದಕ್ಕೆ, ಬಿಳಿ, ಬರೀ ಬಿಳಿ, ಮೂಗಿನಿಂದ ತುಟಿಯವರೆಗೆ, ನಾನು ಕಾಣದ ಆ ಪಟ್ಟಿ