ಹೊಸ ಅಕ್ಕಿಯ ಮೊದಲ ತುತ್ತು

"ಒಂಬತ್ತನೇ ಕ್ಲಾಸು ದಾಟದವ ಈಗ ಡಾಕ್ಟರ್ ಆಗಿದ್ದಾನೆ ಮಾರಾಯ್ರೆ! ಇದು ಹೊಸ ಅಕ್ಕಿ ಊಟವಾ, ಆಸ್ಪತ್ರೆ ಊಟವಾ?"

ಡೊಂಬಿವಲಿಯ ನಮ್ಮ ಮನೆಯ ಹಾಲ್‌ನಲ್ಲಿ, ಹತ್ತು ಮಂದಿ ನೆಂಟರೆದುರು ಭುಜಂಗ ಮಾವ ನನ್ನತ್ತ ಕೈ ತೋರಿಸಿ ಹೀಗೆಂದಾಗ ಎಲ್ಲರೂ ನಕ್ಕರು. ತನ್ನ ಅಣ್ಣನ ಮಾತಿಗೆ ಅಮ್ಮನೂ ನಕ್ಕಳು.

ನಾನು ಠಾಣೆಯ ನೌಪಾಡಾದ ಹೋಟೆಲಿನಲ್ಲಿ ಅಡುಗೆಯವನು. ಆದರೆ ಅವತ್ತು ಬೇಯಿಸಿದ್ದು ಅಮ್ಮನಿಗಾಗಿ. ಅವಳಿಗೆ ಸಕ್ಕರೆ ಕಾಯಿಲೆ. ಹಾಗಲಕಾಯಿಗೆ ಬೆಲ್ಲ ಹಾಕಿರಲಿಲ್ಲ. ಬಸಳೆಗೆ ಹೆಸರುಕಾಳು, ತೊಂಡೆಕಾಯಿಗೆ ಚೂರೇ ಚೂರು ಎಣ್ಣೆ. ಊರಿಂದ ಬಂದ ಹೊಸ ಅಕ್ಕಿಯ ಅನ್ನ ಅವಳಿಗೆ ಒಂದೇ ಸೌಟು. ಕದ್ದು ತಿನ್ನುತ್ತಾಳೆಂದು ಸಕ್ಕರೆ, ಬೆಲ್ಲದ ಡಬ್ಬಿಗಳನ್ನೆಲ್ಲ ಹಿಂದಿನ ವಾರವೇ ವಾಚ್‌ಮನ್‌ಗೆ ಕೊಟ್ಟುಬಿಟ್ಟಿದ್ದೆ.

ಹೊಸ ಅಕ್ಕಿ ಊಟಕ್ಕೆ ನಮ್ಮಲ್ಲಿ ಒಂದು ಕ್ರಮ ಉಂಟು. ಕುಟುಂಬದ ಹಿರಿಯರು ಎಲೆಯೆದುರು ಕೂರಬೇಕು, ಅವರ ಅಪ್ಪಣೆ ಕೇಳಿಯೇ ಉಳಿದವರು ಬಾಯಿಗಿಡಬೇಕು. ನಮ್ಮ ಹಿರಿಯರೆಂದರೆ ಅಮ್ಮನ ಸೋದರಮಾವ, ಸೀವುಡ್ಸ್‌ನ ದೇವದಾಸ ಅಜ್ಜ. ಹನ್ನೆರಡೂವರೆಗೆ "ಠಾಣೆಯಲ್ಲಿ ಲೋಕಲ್ ಗಾಡಿ ಹತ್ತಿದೆ" ಎಂದು ಅವರ ಫೋನ್ ಬಂತು. ಇನ್ನೇನು ಬಂದರೆಂದು ತಂಗಿ ಅನುಷ್ಕಾ ಅಮ್ಮನಿಗೆ ಇನ್ಸುಲಿನ್ ಇಂಜೆಕ್ಷನ್ ಕೊಟ್ಟಳು. ಕೊಟ್ಟ ಅರ್ಧ ಗಂಟೆಯೊಳಗೆ ಊಟ ಆಗಲೇಬೇಕು, ಇಲ್ಲದಿದ್ದರೆ ಸಕ್ಕರೆ ಇಳಿದು ಜೀವಕ್ಕೇ ಕುತ್ತು ಎಂದು ಡಾಕ್ಟರು ಎಚ್ಚರಿಸಿದ್ದರು.

ಅವತ್ತು ಭಾನುವಾರ, ಹಳಿ ದುರಸ್ತಿಗೆಂದು ರೈಲು ತಡೆಯುವ ಮೆಗಾಬ್ಲಾಕ್. ಒಂದು ಗಂಟೆಗೆ ಮತ್ತೆ ಫೋನ್: ಗಾಡಿ ಮುಂಬ್ರಾದಲ್ಲಿ ನಿಂತಿದೆ.

"ಅಮ್ಮನಿಗೆ ಬಡಿಸ್ತೇನೆ," ಎಂದೆ.

"ಹಿರಿಯರು ಕೂರುವ ಮೊದಲೇ? ನಿನ್ನ ಹೋಟೆಲಾ ಇದು?" ಎಂದರು ಮಾವ.

"ದಾದಾ, ಥೋಡಾ ಥಾಂಬ್ ನಾ," ಎಂದು ಮರಾಠಿಯಲ್ಲಿ ನನ್ನನ್ನು ತಡೆದಳು ಅನುಷ್ಕಾ, ಮೊಬೈಲಿನಿಂದ ತಲೆ ಎತ್ತದೆ.

ಅಮ್ಮ ಕೈ ಅಡ್ಡ ಹಿಡಿದಳು. "ಬೇಡ ಮಗಾ. ಎಂತ ಅವಸರ ನಿಂಗೆ?"

ಒಂದೂ ಕಾಲು. ಹಾಕಿದ ಬಾಳೆಲೆಗಳೆಲ್ಲ ಖಾಲಿ ಬಿದ್ದಿದ್ದವು. ಫ್ಯಾನ್ ತಿರುಗುತ್ತಿದ್ದರೂ ಅಮ್ಮನ ಹಣೆಯಲ್ಲಿ ಬೆವರು. ತನ್ನ ಎಲೆಯ ತುದಿಯನ್ನು ಚೂರು ಚೂರಾಗಿ ಹರಿಯುತ್ತಿದ್ದಳು. ಯಾರೂ ಗಮನಿಸಲಿಲ್ಲ, ಹರಟೆ ನಡೆದೇ ಇತ್ತು. ಆಮೇಲೆ ನನ್ನನ್ನು ನೋಡಿ, "ನೀವು ಡ್ಯೂಟಿಗೆ ಹೋಗ್ಲಿಲ್ವಾ?" ಎಂದು ಕೇಳಿದಳು. ನನ್ನಪ್ಪ ಸತ್ತು ಆರು ವರ್ಷ.

ಅನ್ನ ತಂದು ಬಾಯಿಗಿಟ್ಟೆ. ಹಲ್ಲು ಬಿಗಿಹಿಡಿದಳು. ಬುದ್ಧಿ ತಪ್ಪಿದರೂ ಕ್ರಮ ತಪ್ಪಲಿಲ್ಲ ಅವಳಿಗೆ. ಸಕ್ಕರೆಗೆಂದು ಅಡುಗೆಮನೆಗೆ ಓಡಿದೆ. ಎಲ್ಲಿಯ ಸಕ್ಕರೆ? ಖಾಲಿ ಮಾಡಿದವನು ನಾನೇ. ಎದುರುಮನೆಯ ಬಾಗಿಲು ಬಡಿದು, "ಕಾಕೂ, ಸಾಖರ್, ಲವ್ಕರ್!" ಎಂದು ಕೂಗಿದೆ.

ಕಾಕೂ ಕೊಟ್ಟ ಸಕ್ಕರೆಯನ್ನು ನೀರಿಗೆ ಕಲಸಿ ತಂದಾಗ ಮಾವ ನನ್ನ ಮಣಿಕಟ್ಟು ಹಿಡಿದರು. "ಶುಗರ್ ಪೇಷಂಟಿಗೆ ಸಕ್ಕರೆಯಾ? ಕೊಲ್ಲುತ್ತೀಯಾ ಅವಳನ್ನು?"

ಅವರನ್ನು ನೂಕಿದೆ. ಗೋಡೆಗೆ ತಾಗಿ ಕೂತರು. ಸಕ್ಕರೆ ನೀರನ್ನು ಅಮ್ಮನ ತುಟಿಗೆ ಗುಟುಕು ಗುಟುಕಾಗಿ ಸುರಿದೆ. ಅರ್ಧ ಗಲ್ಲಕ್ಕೆ, ಅರ್ಧ ಸೀರೆಗೆ. ಹದಿನೈದು ನಿಮಿಷಕ್ಕೆ ಅವಳ ಕಣ್ಣು ನನ್ನನ್ನು ಗುರುತಿಸಿತು.

ಅಷ್ಟರಲ್ಲಿ ದೇವದಾಸ ಅಜ್ಜ ಬಂದು ಎಲೆಯೆದುರು ಕೂತರು. ನಾನು ಕಲಸಿದ ತುತ್ತನ್ನು ಅಮ್ಮನ ಬಾಯಿಯ ಹತ್ತಿರ ಹಿಡಿದಿದ್ದೆ. ಅವಳು ಅಜ್ಜನ ಮುಖವನ್ನೇ ನೋಡುತ್ತಿದ್ದಳು. ಅವರು ತಲೆಯಾಡಿಸಿದ ಮೇಲೆಯೇ ಬಾಯಿ ತೆರೆದಳು. ಎಲೆಯಲ್ಲಿದ್ದದ್ದು ಪೂರ್ತಿ ಮುಗಿಯುವವರೆಗೆ ತಿನ್ನಿಸಿದೆ.

"ಎಲ್ಲರಿಗೂ ತೊಂದ್ರೆ ಆಯ್ತು," ಎಂದಳು ಅಮ್ಮ, ಸೆರಗಿನಿಂದ ಬಾಯಿ ಒರೆಸಿಕೊಂಡು. "ಮುಂದಿನ ವರ್ಷ ಇಂಜೆಕ್ಷನ್ ಬೆಳಿಗ್ಗೆಯೇ ಚುಚ್ಚಿಸಿಕೊಂಡು ಬಿಡ್ತೇನೆ. ಆಮೇಲೆ ಎಷ್ಟು ಹೊತ್ತಾದ್ರೂ ಕಾಯಬಹುದು. ಅಲ್ವಾ ಮಗಾ?"

ಹೌದು ಹೌದು ಎಂದು ಎಲ್ಲರೂ ತಲೆಯಾಡಿಸಿದರು. ಡಾಕ್ಟರು ಹೇಳಿದ ಅರ್ಧ ಗಂಟೆ ಯಾರಿಗೂ ನೆನಪಾಗಲಿಲ್ಲ.

ನಾನು ಸೌಟು ಕೆಳಗಿಟ್ಟು, ಚಪ್ಪಲಿ ಮೆಟ್ಟಿ, ಮೆಟ್ಟಿಲಿಳಿದು ಹೊರಟೆ.