ಕಾಯುವ ಅತ್ತಿಗೆ

ಗಂಗಾಂಬಿಕೆ ಒಂದು ಪ್ರಶ್ನೆ ಕೇಳಿದರೆ ಉತ್ತರ ಬರುವವರೆಗೂ ಕಾಯುತ್ತಾಳೆ. ಅದರಲ್ಲೇನು ವಿಶೇಷ ಎನ್ನುವವರು ಆಕೆಯನ್ನು ಗುಬ್ಬಿಯ ಬಸ್ ನಿಲ್ದಾಣದಲ್ಲಿ ಒಮ್ಮೆ ನೋಡಬೇಕು: ಕೊರಳಲ್ಲಿ ತೆಗೆದಿಡಲು ಮರೆತ ಅಳತೆಯ ಟೇಪು, ಕಂಕುಳಲ್ಲಿ ಹೊಲಿದ ರವಿಕೆಗಳ ಚೀಲ, ಅರ್ಧ ಹೆಜ್ಜೆ ಮುಂದೆ, ನಲವತ್ತು ದಾಟಿದರೂ ಮಗುವಿನ ಮನಸ್ಸು ಕಳೆಯದ ಮೈದುನ ಗುಂಡಯ್ಯ. ಕಿಟಕಿ ಸೀಟು ಬೇಕೋ ಬಾಗಿಲ ಹತ್ತಿರದ್ದೋ ಎಂದು ಕೇಳಿ ಆಕೆ ನಿಲ್ಲುತ್ತಾಳೆ. ಅವನು ಆಕಾಶ ನೋಡಿ, ಗಡ್ಡ ಕೆರೆದು, ಯೋಚನೆ ಮುಗಿಸುವಷ್ಟರಲ್ಲಿ ಕಂಡಕ್ಟರ್ ‘ರೈಟ್’ ಅಂದಿರುತ್ತಾನೆ. ಮುಂದಿನ ಬಸ್ಸನ್ನು ಇಬ್ಬರೂ ನಗುನಗುತ್ತ ಹತ್ತುತ್ತಾರೆ.

ಗುಂಡಯ್ಯನಿಗೆ ‘ಬೇಡ’ ಎನ್ನಲು ಬಾರದು. ಹಿರಿಯರೆದುರು ಹಾಗೆನ್ನಬಾರದೆಂದು ತಾಯಿ ಕಲಿಸಿದ್ದಳೋ ಏನೋ, ಒಲ್ಲದ್ದು ಎದುರಾದರೆ, ಕಷಾಯವಿರಲಿ ಕ್ಷೌರದ ಕತ್ತರಿಯಿರಲಿ, ನೆಂಟರ ಮನೆಯಿಂದ ಹೊರಡುವವನ ಗಾಂಭೀರ್ಯದಲ್ಲಿ “ಬರ್ತೀನಿ” ಎಂದು ಚಪ್ಪಲಿ ಮೆಟ್ಟುತ್ತಾನೆ. ಹೊರಡುವಾಗ ‘ಹೋಗ್ತೀನಿ’ ಎನ್ನಬಾರದೆಂಬ ನಮ್ಮ ಕಡೆಯ ಮರ್ಯಾದೆಯನ್ನು ಅವನಷ್ಟು ನಿಷ್ಠೆಯಿಂದ ಪಾಲಿಸಿದವರಿಲ್ಲ.

ಗಂಡ ತೀರಿಕೊಂಡ ಮೇಲೂ ಮೈದುನನನ್ನು ನೋಡಿಕೊಳ್ಳುತ್ತಿದ್ದ ಆಕೆಗೆ, ಅವನ ಹರ್ನಿಯಾ ಆಪರೇಷನ್ನಿಗೆ ಸಹಿ ಹಾಕುವ ಹಕ್ಕಿಲ್ಲವೆಂದು ಆಸ್ಪತ್ರೆಯಲ್ಲಿ ಹೇಳಿದರು. ತನ್ನ ನಿರ್ಧಾರ ತಾನೇ ಮಾಡಲಾಗದ ವಯಸ್ಕನಿಗೆ ಕಾನೂನು ಒಪ್ಪಿದ ಪೋಷಕರು ಬೇಕಂತೆ. ಆಕೆ ಅರ್ಜಿ ಹಾಕಿದಳು. ಕುಣಿಗಲ್ ಕಡೆಯ ಕೊತ್ತಗೆರೆಯಿಂದ ಗುಂಡಯ್ಯನ ಹಿರಿಯಣ್ಣ ಶಿವರಾಜನೂ ಹಾಕಿದ. ಕೆಟ್ಟವನಲ್ಲ, ಒಡಹುಟ್ಟಿದವನು ತಾನಿರುವಾಗ ತಮ್ಮ ಮತ್ತೊಬ್ಬರ ಹಂಗಿನಲ್ಲಿರಬಾರದೆಂಬ ಛಲ. ಅವನನ್ನು ಊರಿಗೆ ಕರೆದೊಯ್ಯಲೆಂದು ಒಂದು ಕೋಣೆಗೆ ಸುಣ್ಣವನ್ನೂ ಹೊಡೆಸಿದ್ದ. ರಕ್ತಸಂಬಂಧದ ಮುಂದೆ ಅತ್ತಿಗೆಯ ಮಾತು ನಿಂತೀತೇ ಎಂದು ಗಂಗಾಂಬಿಕೆಗೆ ಅನ್ನ ಸೇರಲಿಲ್ಲ.

ತುಮಕೂರಿನ ಜಿಲ್ಲಾಧಿಕಾರಿ ಕಚೇರಿಯಲ್ಲಿ ಪೋಷಕರನ್ನು ನೇಮಿಸುವ ಸಮಿತಿ ಸೇರಿತು. ನೀವೇ ತಮ್ಮನನ್ನು ಕೇಳಿ ಎಂದರು ಅಧಿಕಾರಿ.

“ನಮ್ಮನೇಗೆ ಬರ್ತೀಯೇನ್ಲಾ?” ಎಂದ ಶಿವರಾಜ.

“ಬರ್ತೀನಿ” ಎಂದ ಗುಂಡಯ್ಯ.

ಅಣ್ಣನ ಮುಖ ಅರಳಿತು. ಅಧಿಕಾರಿ ಪೆನ್ನು ತೆರೆದರು. ಆ ಮಾತಿನ ಅರ್ಥ ಗಂಗಾಂಬಿಕೆಯ ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಹೇಳಿಬಿಟ್ಟರೆ ಅವನ ಬಾಯಿಗೆ ತಾನು ಬೀಗ ಹಾಕಿದಂತೆ. ಟೇಪನ್ನು ಬಿಗಿಯಾಗಿ ಹಿಡಿದು ಇಷ್ಟೇ ಅಂದಳು: “ಒಸಿ ಕಾಯಿರಿ ಸಾರ್. ಅವ್ನಿನ್ನೂ ಮಾತು ಮುಗಿಸಿಲ್ಲ.”

ಗುಂಡಯ್ಯ ಎದ್ದ, ಎಲ್ಲರಿಗೂ ಕೈಮುಗಿದ, ಬಾಗಿಲಲ್ಲಿ ಬಿಟ್ಟಿದ್ದ ಚಪ್ಪಲಿ ಮೆಟ್ಟಿ ಹೊರಟೇಬಿಟ್ಟ. ದಂಗಾಗಿ ನೋಡುತ್ತಿದ್ದ ಶಿವರಾಜ ಕಣ್ಣೊರೆಸಿಕೊಂಡು ನಕ್ಕ. “ಅವ್ವ ಎಣ್ಣೆ ಸ್ನಾನಕ್ಕೆ ಕರುದ್ರೆ ಹಿಂಗೇ ಓಡ್ತಿದ್ದ ಸಾರ್. ನಾನೇ ಮರ್ತಿದ್ದೆ. ಅವರ ಅತ್ಗೆ ಹತ್ರಾನೇ ಇರ್ಲಿ ಬುಡಿ.”

ಹಕ್ಕು ಕೈಗೆ ಬಂದ ಮೇಲೆ ಆಕೆ ಮಾಡಿದ ಮೊದಲ ಕೆಲಸವೆಂದರೆ, ಆಸ್ಪತ್ರೆಯ ಬೆಂಚಿನ ಮೇಲೆ ಅವನನ್ನು ಕೂರಿಸಿ, “ಗುಂಡಯ್ಯ, ಆಪರೇಷನ್ ಮಾಡಿಸ್ಕತೀಯಾ?” ಎಂದು ಕೇಳಿ, ಪಕ್ಕದಲ್ಲಿ ಕೂತದ್ದು. ಅವನು ಬೆಂಚಿನ ಕೆಳಗೆ ಬಿಟ್ಟಿದ್ದ ಚಪ್ಪಲಿಯ ಕಡೆ ಬಹಳ ಹೊತ್ತು ನೋಡಿದ. ಮೆಟ್ಟಲಿಲ್ಲ. ಆಕೆಯ ಕೈ ಹಿಡಿದುಕೊಂಡ. ಆಗ ಆಕೆ ಸಹಿ ಹಾಕಿದಳು.

ಮತ್ತೊಬ್ಬರ ಪರವಾಗಿ ಮಾತಾಡುವವರು ಲೋಕದಲ್ಲಿ ಬೇಕಾದಷ್ಟಿದ್ದಾರೆ. ಆ ಅಧಿಕಾರ ಸಿಕ್ಕಮೇಲೂ ಸುಮ್ಮನಿರಬಲ್ಲವರು ಅಪರೂಪ. ರಕ್ಷಿಸುವುದಕ್ಕೂ ತಾಳ್ಮೆಯಿಂದ ಎದುರು ನೋಡುವುದಕ್ಕೂ ಕನ್ನಡ ‘ಕಾಯುವುದು’ ಎಂಬ ಒಂದೇ ಮಾತನ್ನು ಇಟ್ಟಿದೆ. ಇಂಥವರನ್ನು ಕಂಡೇ ಇಟ್ಟಿರಬೇಕು.